ಗಗನಕ್ಕೇರಿದ ಕಪಿಗಳು: ಪ್ರಾಥಮ್ಯ ಮತ್ತು ನಾಮವಿಚಾರ

ಮನುಷ್ಯನಿಗಿಂತ ಮುಂಚೆ ಬಾಹ್ಯಾಕಾಶಕ್ಕೆ ಹೋದ ಕಪಿಗಳ ಮಾತು ಬಂದೊಡನೆ ಏಬಲ್, ಬೇಕರ್ ಎಂಬ ಎರಡು ಹೆಸರುಗಳನ್ನು ಹೇಳುವುದು ವಾಡಿಕೆಯಾಗಿದೆ. ೧೯೫೯ನೆಯ ಇಸವಿ ಮೇ ೨೮ರಂದು ಅಮೆರಿಕದವರು ಇವೆರಡನ್ನೂ ಜ್ಯೂಪಿಟರ್ ಎಂಬ ರಾಕೆಟ್ಟಿನ ಶಿರೋಭಾಗದಲ್ಲಿರಿಸಿ ಸುಮಾರು ೩೦೦ ಮೈಲಿಗಳ ಎತ್ತರಕ್ಕೆ ಹಾರಿಸಿ ಸಜೀವವಾಗಿ ಹಿಂದಕ್ಕೆ ಪಡೆದರು. ಬಾಹ್ಯಾಕಾಶವನ್ನು ಮುಟ್ಟಿದ ಮೊದಲ ಕಪಿಗಳು ಇವೇ ಎಂದು ಕೆಲವರು ಬರೆಯುವುದೂ ಉಂಟು. ಈ ಮಾತು ಸಾಧುವಲ್ಲ. ಇದಕ್ಕೆ ಸುಮಾರು ಹತ್ತು ವರ್ಷ ಹಿಂದೆ, ೧೯೪೯ನೆಯ ಇಸವಿ ಜೂನ್ ೧೪ರಂದು, ಅದೇ ದೇಶದ ವೈಟ್ ಸ್ಯಾಂಡ್ಸ್ ಎಂಬ ಮರುಭೂಮಿಯಿಂದ ಹಾರಿದ ಕಪಿಯೊಂದು ೮೩ ಮೈಲಿ, ಎಂದರೆ ೧೩೪ ಕಿಲೋಮೀಟರುಗಳ ಎತ್ತರವನ್ನು ಮುಟ್ಟಿತ್ತು. ವಾಯುಮಂಡಲಕ್ಕೂ ಬಾಹ್ಯಾಕಾಶಕ್ಕೂ ನಡುವಣ ಮೇರೆಯೆಂದು ಬಹುಮಂದಿ ಒಪ್ಪಿರುವುದು ೧೦೦ ಕಿಲೋಮೀಟರುಗಳನ್ನು. ಆದುದರಿಂದ ಪ್ರಾಥಮ್ಯವು ಈ ಕಪಿಗೇ ಸಲ್ಲತಕ್ಕದ್ದು. ಆದರೂ ಅದು ಲೋಕದ ಸ್ಮರಣೆಯಲ್ಲಿ ನಿಲ್ಲದೆ ಹೋಯಿತು. ಏಕೆಂದರೆ ಅದು ಜೀವದಿಂದ ಹಿಂದಿರುಗಲಿಲ್ಲ. ಹಿಂದಿರುಗುವುದಕ್ಕೂ ಹೆಸರು ನಿಲ್ಲುವುದಕ್ಕೂ ಇರುವ ಈ ಸಂಬಂಧವು ಕೇವಲ ಆಕಸ್ಮಿಕವೇ, ಅಥವಾ ಇದರಲ್ಲಿ ಒಂದು ಕ್ರಮವುಂಟೇ ಎಂಬುದು ವಿಚಾರಾರ್ಹವಾಗಿದೆ.

ವಿಷಯವನ್ನು ಪ್ರವೇಶಿಸುವುದಕ್ಕೆ ಮುಂಚೆ ಪದಗಳ ವಿಚಾರವಾಗಿ ಒಂದೆರಡು ಮಾತು ಅಗತ್ಯ. ಸಂಸ್ಕೃತ ಕೋಶಗಳಲ್ಲಿ ಕಪಿ, ಪ್ಲವಂಗ, ಶಾಖಾಮೃಗ, ವಲೀಮುಖ, ಮರ್ಕಟ, ವಾನರ, ಕೀಶ ಮುಂತಾದ ಶಬ್ದಗಳು ಪರ್ಯಾಯಗಳಾಗಿ ಬಂದಿವೆ. ಕನ್ನಡದಲ್ಲಿ ಕೋತಿ, ಮಂಗ, ಕೋಡಗ ಎಂಬುವು ಒಂದು ಜಾತಿಗೂ, ಮುಸುವ ಎಂಬುದು ಕರಿಮುಖದ, ನೀಳವಾದ ಬಾಲದ ಮತ್ತೊಂದು ಜಾತಿಗೂ ಸಲ್ಲುತ್ತವೆ. ಆದರೆ ಈ ಚರಿತ್ರೆಯಲ್ಲಿ ಬರುವ ಪ್ರಾಣಿಗಳೆಲ್ಲ ಒಂದೇ ಜಾತಿಯವಲ್ಲ. ಮೊದಲು ಹಾರಿದುವು ಬಹುಮಟ್ಟಿಗೆ ರೀಸಸ್ ಎಂಬ ಕಪಿಗಳು. ಇವು ಉತ್ತರ ಹಿಂದೂಸ್ಥಾನದಲ್ಲಿ ಊರೂರಿಗೂ ಪರಿಚಿತವಾದ, ಗೋದಾವರಿಯ ಈಚೆಗೆ ಸಾಮಾನ್ಯವಾಗಿ ಕಾಣದ ಜಾತಿ. ಕರ್ಣಾಟಕದ ದೇವಾಲಯಗಳ ಬಳಿ ಕಾಣುವ, ತಲೆಯ ಮೇಲೆ ಟೋಪಿಯಂತೆ ಕೂದಲುಳ್ಳ ಕೋತಿ ಇದಲ್ಲ. ಬೇಕರ್ ಎಂಬುದು ದಕ್ಷಿಣ ಅಮೆರಿಕದ ಅಳಿಲುಕೋತಿ. ತೂಕ ೧೧ ಔನ್ಸುಗಳು ಮಾತ್ರ. ೧೯೬೧ರಲ್ಲಿ ಹೋದ ಹ್ಯಾಮ್ ಮತ್ತು ಈನೋಸ್ ಆಫ್ರಿಕದ ಚಿಂಪಾಂಜಿಗಳು. ಬಾಲವಿಲ್ಲದ ಈ ಪ್ರಾಣಿಯನ್ನು ಕೋತಿಯೆನ್ನುವುದು ಶಾಸ್ತ್ರಸಮ್ಮತವಲ್ಲ. ಪ್ರಾಚೀನರು ಅದನ್ನು ಕಂಡವರಲ್ಲವಾದುದರಿಂದ ಅದಕ್ಕೆ ಕನ್ನಡದಲ್ಲಿಯಾಗಲಿ ಸಂಸ್ಕೃತದಲ್ಲಿಯಾಗಲಿ ಹಳೆಯ ಹೆಸರಿಲ್ಲ. ಇಲ್ಲಿ ಕಪಿಯೆಂಬ ಶಬ್ದವನ್ನು ಇವೆಲ್ಲಕ್ಕೂ ಸಾಧಾರಣವಾಗಿ ಬಳಸಿದೆ.

ಕಪಿಯು ಆಕಾಶಕ್ಕೆ ಹಾರಿತೆಂದೊಡನೆ ಕನ್ನಡಿಗರಿಗೆ ಹನುಮಂತನ ಸಮುದ್ರಲಂಘನವು ನೆನಪಿಗೆ ಬರುವುದು ಸಹಜ. ಹಾಗೆ ಹೋಲಿಸಿ ಬರೆದಿರುವವರೂ ಉಂಟು. ಆದರೆ ಅಲ್ಲಿ ಜಾಂಬವಂತನು ಕೇಳಿಕೊಂಡನು, ಹನುಮಂತನು ಒಪ್ಪಿದನು. ವೈಟ್ ಸ್ಯಾಂಡ್ಸ್‌ನಲ್ಲಿ ಕೇಳುವ ಮಾತೂ ಇರಲಿಲ್ಲ, ಒಪ್ಪುವ ಮಾತೂ ಇರಲಿಲ್ಲ. ಹೋಲಿಕೆಯನ್ನು ಅಲ್ಲಿಗೇ ಬಿಡುವುದು ಲೇಸು.

ಎರಡನೆಯ ಮಹಾಯುದ್ಧವು ಮುಗಿದಮೇಲೆ ಜರ್ಮನರ ವಿ-೨ ರಾಕೆಟ್ಟುಗಳು ಅಮೆರಿಕದ ಸೇನೆಯ ವಶವಾದುವು. ಅವನ್ನು ನ್ಯೂ ಮೆಕ್ಸಿಕೋ ಪ್ರಾಂತದ ವೈಟ್ ಸ್ಯಾಂಡ್ಸ್‌ಗೆ ಸಾಗಿಸಿ ಒಂದೊಂದಾಗಿ ಹಾರಿಸಿ ನೋಡತೊಡಗಿದರು. ೧೯೪೭ನೆಯ ಇಸವಿ ಫೆಬ್ರವರಿಯಲ್ಲಿ ಹಣ್ಣಿನ ನೊಣಗಳನ್ನು ಕಳುಹಿಸಿದ್ದಾಯಿತು; ಅವು ಬದುಕಿ ಬಂದುವು. ಆ ಬಳಿಕ ಮನುಷ್ಯಶರೀರಕ್ಕೆ ಸಮೀಪವಾದ ಶರೀರವುಳ್ಳ ಪ್ರಾಣಿಯನ್ನು ಕಳುಹಿಸಬೇಕೆಂದು ರೈಟ್ ಫೀಲ್ಡ್ ಎಂಬಲ್ಲಿದ್ದ ವಾಯುಸೇನೆಯ ವೈದ್ಯಶಾಲೆಯವರು ನಿಶ್ಚಯಿಸಿದರು. ಈ ಕಾರ್ಯದ ಮುಖ್ಯರು ಜೇಮ್ಸ್ ಹೆನ್ರಿ ಮತ್ತು ಡೇವಿಡ್ ಸೈಮನ್ಸ್ ಎಂಬ ವೈದ್ಯರು. ಆ ಕಾಲದಲ್ಲಿ ವೈದ್ಯರಿಗೆ ಇದ್ದ ದೊಡ್ಡ ಶಂಕೆ ಭಾರಹೀನಸ್ಥಿತಿಯ ವಿಚಾರವಾಗಿತ್ತು. ಭೂಮಿಯ ಆಕರ್ಷಣದ ಅನುಭವವು ತಪ್ಪಿದಾಗ ಹೃದಯವು ನಡೆಯುವುದೇ, ರಕ್ತವು ಹರಿಯುವುದೇ, ಉಸಿರಾಟವು ಕ್ರಮದಲ್ಲಿರುವುದೇ ಎಂಬುದು ಯಾರಿಗೂ ತಿಳಿದಿರಲಿಲ್ಲ. ಇದಕ್ಕೆ ಉತ್ತರವು ದೊರೆಯದೆ ಮನುಷ್ಯನನ್ನು ಕಳುಹಿಸುವಂತಿರಲಿಲ್ಲ.

೧೯೪೮ನೆಯ ಇಸವಿ ಜೂನ್ ೧೧ರಂದು ಒಂಬತ್ತು ಪೌಂಡು ತೂಕದ ರೀಸಸ್ ಕಪಿಯೊಂದಕ್ಕೆ ಅರಿವಳಿಕೆಯ ಮದ್ದನ್ನಿತ್ತು, ರಾಕೆಟ್ಟಿನ ಮೂತಿಯಲ್ಲಿದ್ದ ಇಕ್ಕಟ್ಟಾದ ಗೂಡಿನಲ್ಲಿಟ್ಟರು. ಇದೇ ಮೊದಲನೆಯ ಆಲ್ಬರ್ಟ್. ರಾಕೆಟ್ಟು ಸುಮಾರು ೩೯ ಮೈಲಿಗಳಷ್ಟೇ ಏರಿತು. ಕಪಿಯ ಉಸಿರನ್ನು ಅಳೆಯುವ ಯಂತ್ರವು ಕೆಟ್ಟಿತ್ತು. ಗೂಡಿನ ಇಕ್ಕಟ್ಟಿನಲ್ಲಿ ಉಸಿರುಕಟ್ಟಿ, ಬಹುಶಃ ರಾಕೆಟ್ಟು ಮೇಲೇಳುವುದಕ್ಕೆ ಮುಂಚೆಯೇ, ಅದು ಸತ್ತಿರಬೇಕೆಂದು ಊಹಿಸಿದರು. ಒಂದು ವರ್ಷದ ಮೇಲೆ ಗೂಡನ್ನು ತಿದ್ದಿ ವಿಸ್ತರಿಸಿ ಎರಡನೆಯ ಆಲ್ಬರ್ಟನನ್ನು ಕಳುಹಿಸಿದರು. ಮೇಲೆ ಹೇಳಿದ ೮೩ ಮೈಲಿಗಳ ಪ್ರಯಾಣವು ಇದರದು. ಈ ಸಲ ಯಂತ್ರಗಳು ಸರಿಯಾಗಿ ನಡೆದುವು. ಕಪಿಯ ಹೃದಯದ ಬಡಿತವೂ ಉಸಿರೂ ರೇಡಿಯೋ ಮೂಲಕ ಭೂಮಿಗೆ ತಿಳಿಯುತ್ತಿದ್ದುವು. ಏರುವಾಗಲೂ, ಭಾರಹೀನಸ್ಥಿತಿಯಲ್ಲಿಯೂ, ಇಳಿಯುವಾಗಲೂ ಕಪಿ ಬದುಕಿತ್ತು. ಕೊನೆಗೆ ಪ್ಯಾರಾಷೂಟು ಕೆಲಸಮಾಡದೆ ಗೂಡು ನೆಲಕ್ಕಪ್ಪಳಿಸಿತು. ಬಡಿತವು ನಿಂತುದು ಆಗ.

ಮೂರನೆಯದು ೧೯೪೯ನೆಯ ಇಸವಿ ಸೆಪ್ಟೆಂಬರಿನಲ್ಲಿ ರಾಕೆಟ್ಟೇ ಸಿಡಿದು ನಾಶವಾಯಿತು. ನಾಲ್ಕನೆಯದು ಅದೇ ವರ್ಷದ ಡಿಸೆಂಬರ್ ೮ರಂದು ೮೦ ಮೈಲಿಗಳ ಹತ್ತಿರಕ್ಕೆ ಏರಿತು. ಇದೂ ಮಾರ್ಗದಲ್ಲೆಲ್ಲ ಬದುಕಿದ್ದು, ಪ್ಯಾರಾಷೂಟು ಕೈಕೊಟ್ಟುದರಿಂದ ನೆಲಕ್ಕೆ ಬಿದ್ದು ಸತ್ತಿತು. ಏರೋಬಿ ಎಂಬ ಚಿಕ್ಕ ರಾಕೆಟ್ಟಿನಲ್ಲಿ ೧೯೫೧ನೆಯ ಇಸವಿ ಏಪ್ರಿಲಿನಲ್ಲಿ ಹೋದ ಐದನೆಯದರ ಗತಿಯೂ ಅದೇ. ಸೆಪ್ಟೆಂಬರ್ ೨೦ರಂದು ಯೋರಿಕ್ ಎಂಬ ಕಪಿಯೊಂದು ಹನ್ನೊಂದು ಇಲಿಗಳೊಡನೆ ಸುಮಾರು ೪೫ ಮೈಲಿ ಏರಿ, ಪ್ಯಾರಾಷೂಟಿನಿಂದ ಸುರಕ್ಷಿತವಾಗಿ ಇಳಿಯಿತು. ಆದರೆ ಹುಡುಕುವವರು ಬಂದು ಗೂಡನ್ನು ತೆರೆಯುವವರೆಗೆ ಮರುಭೂಮಿಯ ಬಿಸಿಲಿನಲ್ಲಿ ಬೆಂದು, ಇಳಿದ ಎರಡು ಗಂಟೆಗಳಲ್ಲಿ ಸತ್ತಿತು. ಆರನೆಯ ಆಲ್ಬರ್ಟ್ ಎಂಬ ಹೆಸರೂ ಇದಕ್ಕುಂಟು.

ಈ ಆರು ಮರಣಗಳ ಕಾರಣಗಳನ್ನು ಒಟ್ಟಿಗೆ ನೋಡಬೇಕು. ಉಸಿರುಕಟ್ಟಿದ ಗೂಡು, ಸಿಡಿದ ರಾಕೆಟ್ಟು, ಬಿಚ್ಚದ ಪ್ಯಾರಾಷೂಟು, ತಡವಾಗಿ ಬಂದ ಜನ: ಇವುಗಳಲ್ಲಿ ಒಂದಾದರೂ ಬಾಹ್ಯಾಕಾಶದ ಗುಣದಿಂದ ಉಂಟಾದುದಲ್ಲ. ಎಲ್ಲವೂ ಮನುಷ್ಯನ ಕೈಕೆಲಸದ ಲೋಪಗಳು. ಇದಕ್ಕೆ ವಿರುದ್ಧವಾಗಿ, ಪ್ರಯೋಗವು ಯಾವ ಪ್ರಶ್ನೆಗಾಗಿ ನಡೆಯಿತೋ ಆ ಪ್ರಶ್ನೆಗೆ ಎರಡನೆಯ ಮತ್ತು ನಾಲ್ಕನೆಯ ಆಲ್ಬರ್ಟರು ಸಾಯುವುದಕ್ಕೆ ಮುಂಚೆಯೇ ಉತ್ತರವನ್ನು ಕೊಟ್ಟಿದ್ದುವು. ಎರಡು ಮೂರು ನಿಮಿಷಗಳ ಭಾರಹೀನಸ್ಥಿತಿಯಿಂದ ಹೃದಯಕ್ಕೂ ಉಸಿರಾಟಕ್ಕೂ ಗಣನೀಯವಾದ ಬಾಧೆಯಿಲ್ಲವೆಂದು ಹೆನ್ರಿ ಮತ್ತು ಅವರ ಜತೆಯವರು ೧೯೫೨ರಲ್ಲಿ ಪ್ರಕಟಿಸಿದರು. ಆ ನಿರ್ಣಯಕ್ಕೆ ಆಧಾರವಾದುವುಗಳಲ್ಲಿ ಸತ್ತ ಕಪಿಗಳ ಎದೆಬಡಿತದ ರೇಖೆಗಳೂ ಸೇರಿದ್ದುವು. ಏಬಲ್ ಬೇಕರುಗಳ ಪ್ರಯಾಣವು ಈ ಉತ್ತರವನ್ನು ಇನ್ನಷ್ಟು ದೀರ್ಘಕಾಲಕ್ಕೂ ಇನ್ನಷ್ಟು ಕಠಿಣವಾದ ಇಳಿತಕ್ಕೂ ವಿಸ್ತರಿಸಿ ದೃಢಪಡಿಸಿತೆನ್ನಬೇಕೇ ಹೊರತು, ಮೊದಲ ಸಲ ಕಂಡುಕೊಂಡಿತೆನ್ನಲಾಗದು. ಅಮೆರಿಕದ ಬಾಹ್ಯಾಕಾಶ ಚರಿತ್ರೆಯನ್ನು ಏಬಲ್ ಬೇಕರುಗಳಿಂದ ಆರಂಭಿಸುವವರು ಈ ಅಂಶವನ್ನು ಗಮನಿಸಿದಂತೆ ತೋರುವುದಿಲ್ಲ.

ಇನ್ನು ಹೆಸರುಗಳ ವಿಚಾರ. ಆರು ಬೇರೆ ಬೇರೆ ಪ್ರಾಣಿಗಳಿಗೆ ಆಲ್ಬರ್ಟ್ ಎಂಬ ಒಂದೇ ಹೆಸರು. ಭೇದಕ್ಕಾಗಿ ಅರಸರಿಗೆ ಇಡುವಂತೆ ಒಂದು ಎರಡು ಎಂಬ ಸಂಖ್ಯೆ. ಅರಸರಲ್ಲಿ ಸಂಖ್ಯೆಯು ವಂಶದ ಗೌರವವನ್ನು ಸೂಚಿಸುತ್ತದೆ. ಇಲ್ಲಿ ಅದು ಸತ್ತುದರ ಜಾಗಕ್ಕೆ ಮತ್ತೊಂದು ಬಂದುದನ್ನು ಸೂಚಿಸುತ್ತದೆ. ಎಂದರೆ ಆಲ್ಬರ್ಟ್ ಎಂಬುದು ಪ್ರಾಣಿಯ ಹೆಸರಲ್ಲ, ಪದವಿಯ ಹೆಸರು. ಯೋರಿಕ್ ಎಂಬುದಂತೂ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ತಲೆಬುರುಡೆಯಾಗಿ ಮಾತ್ರ ರಂಗಕ್ಕೆ ಬರುವ ವಿದೂಷಕನ ಹೆಸರು; ಬದುಕಿರುವ ಪ್ರಾಣಿಗೆ ಅದು ಒಪ್ಪುವ ಹೆಸರಲ್ಲ. ೧೯೫೨ನೆಯ ಇಸವಿ ಮೇ ತಿಂಗಳಿನಲ್ಲಿ ಪೆಟ್ರೀಷಿಯ, ಮೈಕ್ ಎಂಬ ಫಿಲಿಪ್ಪೀನ್ ದೇಶದ ಎರಡು ಕಪಿಗಳು ಬಾಹ್ಯಾಕಾಶದ ಮೇರೆಗೆ ಬಹಳ ಕೆಳಗೆ ಹೋಗಿ ಬದುಕಿ ಬಂದು, ವಾಷಿಂಗ್ಟನ್ನಿನ ಮೃಗಶಾಲೆಯನ್ನು ಸೇರಿದುವು. ಆ ಪ್ರಯಾಣದಲ್ಲಿ ಜತೆಗೆ ಹೋದ ಎರಡು ಇಲಿಗಳಲ್ಲಿ ಒಂದಕ್ಕೆ ಆಲ್ಬರ್ಟ್ ಎಂಬ ಹೆಸರಿಟ್ಟಿದ್ದರು. ಪದವಿಯು ಕಪಿಗಳಿಂದ ಇಲಿಗೆ ಇಳಿದಿತ್ತು.

ಏಬಲ್ ಮತ್ತು ಬೇಕರ್ ಎಂಬುವೂ ನಿಜವಾದ ಹೆಸರುಗಳಲ್ಲ. ಸೈನಿಕರು ರೇಡಿಯೋದಲ್ಲಿ ಅಕ್ಷರಗಳನ್ನು ಸ್ಪಷ್ಟಪಡಿಸಲು ಬಳಸುತ್ತಿದ್ದ ಪದಮಾಲೆಯ ಮೊದಲ ಎರಡು ಪದಗಳಿವು. ಕನ್ನಡದಲ್ಲಿ ಮಕ್ಕಳಿಗೆ ‘ಅ’ ಎಂದರೆ ಅರಸ, ‘ಆ’ ಎಂದರೆ ಆನೆ ಎಂದು ಕಲಿಸುವಂತೆ. ಎರಡರ ಪ್ರಯಾಣವೂ ಹದಿನಾರು ನಿಮಿಷಗಳಷ್ಟು. ಅದರಲ್ಲಿ ಭಾರಹೀನಸ್ಥಿತಿಯು ಸುಮಾರು ಒಂಬತ್ತು ನಿಮಿಷ. ಇಳಿಯುವಾಗ ತಮ್ಮ ತೂಕದ ಮೂವತ್ತೆಂಟರಷ್ಟು ಒತ್ತಡವನ್ನು ಅವು ತಡೆದುಕೊಂಡುವು. ಕೈಯೋವಾ ಎಂಬ ಹಡಗು ಅವನ್ನು ಸಮುದ್ರದಿಂದ ಎತ್ತಿಕೊಂಡಿತು. ಇಷ್ಟನ್ನು ಸಹಿಸಿ ಬಂದ ಏಬಲ್, ಚರ್ಮದಡಿಯಲ್ಲಿ ಇರಿಸಿದ್ದ ವಿದ್ಯುತ್ತಂತಿಯು ಕೀವುಗೊಂಡು, ಅದನ್ನು ತೆಗೆಯಲು ಕೊಟ್ಟ ಅರಿವಳಿಕೆಯನ್ನು ತಾಳಲಾರದೆ ಜೂನ್ ೧ರಂದು ಸತ್ತಿತು.

ಏಬಲಿನ ಜನ್ಮಸ್ಥಳದ ವಿಚಾರದಲ್ಲಿ ಭಾರತಕ್ಕೆ ಸಂಬಂಧಪಟ್ಟ ಒಂದು ಸಂಗತಿಯುಂಟು. ಜಾತಿಯಲ್ಲಿ ಅದು ರೀಸಸ್. ಆದರೆ ಹುಟ್ಟಿದುದು ಅಮೆರಿಕದ ಕ್ಯಾನ್ಸಸ್ ಪ್ರಾಂತದ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ. ಭಾರತದಲ್ಲಿ ಕಪಿಯು ಪೂಜ್ಯವಾದುದರಿಂದ ಅಲ್ಲಿಂದ ತಂದುದನ್ನು ಬಿಟ್ಟು ಸ್ವದೇಶದಲ್ಲಿ ಹುಟ್ಟಿದುದನ್ನೇ ಆರಿಸಿದರೆಂದು ಅಮೆರಿಕದ ಬರೆಹಗಳಲ್ಲಿ ಹೇಳಿದೆ. ಈ ಎಚ್ಚರಕ್ಕೆ ಹಿನ್ನೆಲೆಯಿತ್ತು. ಆ ದಶಕದಲ್ಲಿ, ಪೋಲಿಯೋ ಲಸಿಕೆಗಾಗಿಯೂ ಇತರ ಪ್ರಯೋಗಗಳಿಗಾಗಿಯೂ, ಭಾರತದಿಂದ ವಿದೇಶಗಳಿಗೆ ಹೋಗುತ್ತಿದ್ದ ಕಪಿಗಳ ಸಂಖ್ಯೆ ಕೆಲವು ವರ್ಷಗಳಲ್ಲಿ ಲಕ್ಷವನ್ನು ಮೀರಿತ್ತು. ೧೯೫೫ನೆಯ ಇಸವಿ ಜನವರಿಯಲ್ಲಿ ಲಂಡನ್ನಿನ ವಿಮಾನನಿಲ್ದಾಣದಲ್ಲಿ ಮುಚ್ಚಿದ ವಾಹನದೊಳಗೆ ಸುಮಾರು ೪೦೦ ಕಪಿಗಳು ಉಸಿರುಕಟ್ಟಿ ಸತ್ತುವು. ಭಾರತ ಸರ್ಕಾರವು ಆ ವರ್ಷ ರಫ್ತನ್ನು ಕೆಲಕಾಲ ತಡೆದು, ವೈದ್ಯಸಂಶೋಧನೆಗೆ ಮತ್ತು ಲಸಿಕೆಗೆ ಮಾತ್ರ ಬಳಸತಕ್ಕದ್ದೆಂಬ ಕಟ್ಟಳೆಯ ಮೇಲೆ ಮತ್ತೆ ಬಿಟ್ಟಿತು. ಕ್ಷಿಪಣಿಯ ತುದಿಯಲ್ಲಿ ಕೂರಿಸುವುದು ವೈದ್ಯಸಂಶೋಧನೆಯೇ ಎಂಬುದು ಆಗ ತರ್ಕಕ್ಕೆ ಎಡೆಗೊಡುವ ವಿಷಯ. ಹೊರದೇಶದಲ್ಲಿ ಕಟ್ಟಳೆಯ ಪಾಲನೆಯನ್ನು ನೋಡಿಕೊಳ್ಳುವವರಾರು ಎಂಬ ಪ್ರಶ್ನೆಯಂತೂ ಉಳಿದೇ ಇತ್ತು. ಅಮೆರಿಕದ ಸೇನಾ ಪ್ರಯೋಗಶಾಲೆಗಳಲ್ಲಿ ನ್ಯೂಟ್ರಾನ್ ಬಾಂಬಿನ ಪರಿಣಾಮವನ್ನರಿಯಲು ರೀಸಸ್ ಕಪಿಗಳನ್ನು ವಿಕಿರಣಕ್ಕೆ ಒಡ್ಡಿದುದು ಬೆಳಕಿಗೆ ಬಂದಮೇಲೆ, ಮೊರಾರ್ಜಿ ದೇಸಾಯಿಯವರ ಸರ್ಕಾರವು ೧೯೭೮ನೆಯ ಇಸವಿ ಏಪ್ರಿಲ್ ೧ರಿಂದ ರಫ್ತನ್ನು ಪೂರ್ಣವಾಗಿ ನಿಲ್ಲಿಸಿತು.

೧೯೫೮ರಲ್ಲಿ ನಾಸಾ ಸ್ಥಾಪಿತವಾಗಿ ಮನುಷ್ಯನನ್ನು ಕಳುಹಿಸುವ ಮರ್ಕ್ಯುರಿ ಯೋಜನೆ ಆರಂಭವಾದ ಮೇಲೆ ಹೆಸರಿಡುವ ಕ್ರಮವು ಬೇರೆಯಾಯಿತು. ೧೯೫೯ನೆಯ ಇಸವಿ ಡಿಸೆಂಬರಿನಲ್ಲಿ ಹಾರಿದ ಸ್ಯಾಮ್ ಎಂಬ ರೀಸಸ್ಸಿನ ಹೆಸರು ಅದನ್ನು ಸಾಕಿದ ವಾಯುಯಾನ ವೈದ್ಯಶಾಲೆಯ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳಿಂದ ಆದುದು. ಹ್ಯಾಮ್ ಎಂಬುದೂ ಹಾಲೊಮನ್ ವಾಯುನೆಲೆಯ ವೈದ್ಯಕೇಂದ್ರದ ಆದ್ಯಕ್ಷರಗಳೇ. ಆದರೆ ಹ್ಯಾಮನ ವಿಷಯದಲ್ಲಿ ಒಂದು ವಿಶೇಷವಿದೆ. ೧೯೬೧ನೆಯ ಇಸವಿ ಜನವರಿ ೩೧ರಂದು ಈ ಚಿಂಪಾಂಜಿಯನ್ನು ಹಾರಿಸಿದಾಗ ಲೋಕಕ್ಕೆ ತಿಳಿಸಿದ್ದ ಗುರುತು ೬೫ ಎಂಬ ಸಂಖ್ಯೆ ಮಾತ್ರ. ಸಾಕಿದವರು ತಮ್ಮಲ್ಲಿ ಅದನ್ನು ಚಾಂಗ್ ಎಂದು ಕರೆಯುತ್ತಿದ್ದರು. ಹೆಸರುಳ್ಳ ಪ್ರಾಣಿ ಸತ್ತರೆ ಜನರ ಮನಸ್ಸು ನೋಯುವುದು, ಪತ್ರಿಕೆಗಳು ದೂರುವುವು ಎಂಬ ಅಂಜಿಕೆ ಅಧಿಕಾರಿಗಳಿಗಿತ್ತು. ಹಡಗಿನವರು ಅದನ್ನು ಸಜೀವವಾಗಿ ಎತ್ತಿಕೊಂಡ ಮೇಲೆಯೇ ಹ್ಯಾಮ್ ಎಂಬ ಹೆಸರು ಪ್ರಕಟವಾಯಿತು. ವೈದಿಕರಲ್ಲಿ ಹುಟ್ಟಿದ ಹನ್ನೊಂದು ಹನ್ನೆರಡನೆಯ ದಿನದವರೆಗೆ ಶಿಶುವಿಗೆ ನಾಮಕರಣವಿಲ್ಲ. ಇಲ್ಲಿಯೂ ಅಂತಹುದೇ ಒಂದು ಅವಧಿ. ಆದರೆ ಅದು ಕಳೆಯಬೇಕಾದುದು ರಾಕೆಟ್ಟಿನ ಮೇಲೆ.

ಹ್ಯಾಮನ ಪ್ರಯಾಣವು ಸುಗಮವಾಗಿರಲಿಲ್ಲ. ರಾಕೆಟ್ಟು ಉದ್ದೇಶಿಸಿದ್ದುದಕ್ಕಿಂತ ವೇಗವಾಗಿ ಓಡಿ, ೧೧೫ ಮೈಲಿಗೆ ಬದಲಾಗಿ ೧೫೭ ಮೈಲಿ ಏರಿತು. ನೌಕೆಯೊಳಗಣ ವಾಯುವಿನ ಒತ್ತಡ ಸೋರಿಹೋಯಿತು. ಹ್ಯಾಮ್ ಬೇರೆ ಮುಚ್ಚಿದ ಪೀಠದಲ್ಲಿದ್ದುದರಿಂದ ಉಳಿಯಿತು. ನೀಲಿಯ ದೀಪ ಹೊತ್ತಿಕೊಂಡ ಐದು ಸೆಕೆಂಡುಗಳೊಳಗೆ ಸನ್ನೆಕೋಲನ್ನು ಒತ್ತುವುದನ್ನು ಅದಕ್ಕೆ ಕಲಿಸಿದ್ದರು. ತಪ್ಪಿದರೆ ಅಂಗಾಲಿಗೆ ವಿದ್ಯುತ್ತಿನ ಹೊಡೆತ. ಭಾರಹೀನಸ್ಥಿತಿಯಲ್ಲಿಯೂ ಅದು ಭೂಮಿಯಲ್ಲಿ ಮಾಡುತ್ತಿದ್ದುದಕ್ಕೆ ಅತ್ಯಲ್ಪ ಕಡಮೆಯ ವೇಗದಲ್ಲಿ ಆ ಕೆಲಸವನ್ನು ಮಾಡಿತು. ಆಲ್ಬರ್ಟರು ಎದೆಯು ನಡೆಯುವುದನ್ನು ತೋರಿಸಿದ್ದರೆ, ಬುದ್ಧಿಯೂ ಕೈಯೂ ನಡೆಯುವುದನ್ನು ಹ್ಯಾಮ್ ತೋರಿಸಿತು. ನೌಕೆಯ ದೋಷಗಳ ದೆಸೆಯಿಂದ ಮತ್ತೊಂದು ಪರೀಕ್ಷೆ ಅವಶ್ಯವೆಂದು ಅಮೆರಿಕದವರು ತಡೆದರು. ಆ ನಡುವೆ, ಏಪ್ರಿಲ್ ೧೨ರಂದು, ರಷ್ಯದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದನು. ಅಮೆರಿಕದ ಅಲನ್ ಷೆಪರ್ಡ್ ಹೋದುದು ಮೇ ೫ರಂದು.

ನವೆಂಬರ್ ೨೯ರಂದು ಭೂಮಿಯನ್ನು ಎರಡು ಸುತ್ತು ಹಾಕಿ ಬಂದ ಚಿಂಪಾಂಜಿಯ ಹೆಸರು ಈನೋಸ್. ಸನ್ನೆಕೋಲಿನ ಯಂತ್ರ ಕೆಟ್ಟು, ಸರಿಯಾಗಿ ಒತ್ತಿದಾಗಲೂ ಹೊಡೆತಗಳು ಬಿದ್ದುವು. ಆದರೂ ಅದು ಕಲಿತುದನ್ನು ಬಿಡದೆ ಮಾಡುತ್ತ ಹೋಯಿತೆಂದು ವರದಿಯಿದೆ. ಈನೋಸ್ ಎಂಬ ಶಬ್ದಕ್ಕೆ ಹೀಬ್ರೂ ಭಾಷೆಯಲ್ಲಿ ಮನುಷ್ಯನೆಂದರ್ಥ. ವಾನರ ಶಬ್ದವನ್ನು ‘ವಾ ನರಃ’, ಇವನು ನರನೋ ಎಂದು ಬಿಡಿಸುವ ಸಾಂಪ್ರದಾಯಿಕ ನಿರ್ವಚನವು ಸಂಸ್ಕೃತ ಬಲ್ಲವರಿಗೆ ತಿಳಿದುದೇ. ಸಂಸ್ಕೃತದವರು ಸಂಶಯದಲ್ಲಿ ಬಿಟ್ಟುದನ್ನು ಮರ್ಕ್ಯುರಿಯವರು ನಿಶ್ಚಯಿಸಿಬಿಟ್ಟರೆಂದು ವಿನೋದವಾಗಿ ಹೇಳಬಹುದು. ಈನೋಸ್ ಮುಂದಿನ ವರ್ಷ ನವೆಂಬರಿನಲ್ಲಿ ಆಮಶಂಕೆಯಿಂದ ಸತ್ತಿತು.

ರಷ್ಯದವರು ಆರಂಭದಲ್ಲಿ ನಾಯಿಗಳನ್ನು ನೆಚ್ಚಿದರು. ಕಪಿಗಳನ್ನು ಕಳುಹಿಸಿದುದು ೧೯೮೩ರಿಂದ ಈಚೆಗೆ, ಬಯಾನ್ ಎಂಬ ಉಪಗ್ರಹಗಳಲ್ಲಿ. ಅವುಗಳ ಹೆಸರುಗಳು ಅಬ್ರೆಕ್, ಬಯಾನ್, ವೆರ್ನಿ, ಗೋರ್ದಿ, ದ್ರ್ಯೋಮ, ಯೆರೋಷ ಎಂದು ರಷ್ಯನ್ ಅಕ್ಷರಮಾಲೆಯ ಕ್ರಮದಲ್ಲಿ ಸಾಗಿ, ೧೯೯೬ರ ಡಿಸೆಂಬರಿನಲ್ಲಿ ಹೋದ ಲಾಪಿಕ್, ಮುಲ್ತಿಕ್ ಎಂಬುವುಗಳಲ್ಲಿ ನಿಂತುವು. ಎಲ್ಲ ಹನ್ನೆರಡೂ ಜೀವದಿಂದ ಇಳಿದುವು. ಆದರೆ ಮುಲ್ತಿಕ್ ಇಳಿದ ಮರುದಿನ ಪರೀಕ್ಷೆಗಾಗಿ ಕೊಟ್ಟ ಅರಿವಳಿಕೆಯಲ್ಲಿ ಸತ್ತಿತು. ಏಬಲಿಗೆ ಮೂವತ್ತೇಳು ವರ್ಷ ಹಿಂದೆ ಒದಗಿದ್ದ ಮರಣವೇ ಇದು. ಅಮೆರಿಕದವರು ಆಮೇಲೆ ಆ ಯೋಜನೆಯಲ್ಲಿ ಕಪಿಗಳ ಪ್ರಯೋಗದಿಂದ ಹಿಂದೆ ಸರಿದರು.

ಬಾಹ್ಯಾಕಾಶದಿಂದಲೇ ಯಾವ ಕಪಿಯೂ ಸಾಯಲಿಲ್ಲವೆಂದು ಸಾಮಾನ್ಯ ನಿಯಮವನ್ನು ಹೇಳುವುದಕ್ಕೆ ಮಾತ್ರ ಒಂದು ಬಾಧಕವಿದೆ. ೧೯೬೯ನೆಯ ಇಸವಿ ಜೂನ್ ೨೯ರಂದು ಅಮೆರಿಕದವರು ಬಾನಿ ಎಂಬ ಕಪಿಯನ್ನು ಮೂವತ್ತು ದಿನಗಳ ಪ್ರಯಾಣಕ್ಕೆಂದು ಕಳುಹಿಸಿದರು. ದೇಹವು ಕುಗ್ಗಿದ್ದರಿಂದ ಒಂಬತ್ತನೆಯ ದಿನದಲ್ಲಿಯೇ ಇಳಿಸಬೇಕಾಯಿತು. ಇಳಿದ ಕೆಲವೇ ಗಂಟೆಗಳಲ್ಲಿ ಅದು ಸತ್ತಿತು. ದೇಹದ ನೀರು ಬತ್ತಿದುದು ಕಾರಣವೆಂದರು. ಇದರಲ್ಲಿ ಭಾರಹೀನಸ್ಥಿತಿಯ ಪಾಲೆಷ್ಟು, ದೇಹದೊಳಗೆ ತುರುಕಿದ್ದ ಅಳತೆಯ ಉಪಕರಣಗಳ ಪಾಲೆಷ್ಟು ಎಂಬುದರ ಮೇಲೆ ವಾದ ನಡೆದಿದೆ. ಆಲ್ಬರ್ಟರ ವಿಚಾರದಲ್ಲಿ ಹೇಳಿದುದು ನಿಮಿಷಗಳ ಪ್ರಯಾಣಕ್ಕೆ ಸಲ್ಲುವುದೇ ಹೊರತು ದಿನಗಳ ಪ್ರಯಾಣಕ್ಕೆ ಸಲ್ಲದು.

ಗುರುತಿನ ವಿಚಾರವು ಹಳೆಯದಾಯಿತೆನ್ನುವಂತೆಯೂ ಇಲ್ಲ. ೨೦೧೩ನೆಯ ಇಸವಿ ಜನವರಿಯಲ್ಲಿ ಇರಾನ್ ದೇಶದವರು ಕಪಿಯೊಂದನ್ನು ಕಳುಹಿಸಿ ಸಜೀವವಾಗಿ ಪಡೆದೆವೆಂದು ಸಾರಿದರು. ಹೋಗುವ ಮುನ್ನಿನ ಚಿತ್ರದಲ್ಲಿ ಕಣ್ಣಿನ ಮೇಲೆ ಮಚ್ಚೆಯಿತ್ತು, ಬಂದಮೇಲಿನ ಚಿತ್ರದಲ್ಲಿ ಇರಲಿಲ್ಲ. ಬೇರೆ ಕಪಿಯ ಚಿತ್ರ ಬೆರೆತುಹೋಯಿತೆಂದು ಅಧಿಕಾರಿಗಳು ಸಮಾಧಾನ ಹೇಳಿದರು. ಪಾಠಾಂತರಗಳನ್ನು ತೂಗಿ ನೋಡುವ ಅಭ್ಯಾಸವುಳ್ಳವರಿಗೆ ಈ ಪ್ರಸಂಗ ರುಚಿಸೀತು. ಭಾರತದ ಬಾಹ್ಯಾಕಾಶ ಸಂಸ್ಥೆಯು ತನ್ನ ಗಗನಯಾನ ಯೋಜನೆಯಲ್ಲಿ ಪ್ರಾಣಿಗಳ ಬದಲು ಸ್ತ್ರೀರೂಪದ ಯಂತ್ರಪ್ರತಿಮೆಯೊಂದನ್ನು ಆರಿಸಿ, ೨೦೨೦ನೆಯ ಇಸವಿ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿತು. ಹಾರುವುದಕ್ಕೆ ಮುಂಚೆಯೇ ಅದಕ್ಕೆ ವ್ಯೋಮಮಿತ್ರ ಎಂದು ಹೆಸರಿಟ್ಟಾಗಿತ್ತು. ಸ್ನೇಹಿತನೆಂಬರ್ಥದಲ್ಲಿ ಮಿತ್ರಶಬ್ದವು ಸಂಸ್ಕೃತದಲ್ಲಿ ನಪುಂಸಕಲಿಂಗವಾದುದರಿಂದ ಯಂತ್ರಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಅವಶೇಷಗಳ ಮಾತೊಂದು ಉಳಿದಿದೆ. ಏಬಲಿನ ಶರೀರವನ್ನು ಕೆಡದಂತೆ ಸಂಸ್ಕರಿಸಿ, ಅದು ಮಲಗಿ ಹೋದ ಪೀಠದೊಡನೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಬೇಕರ್ ೧೯೮೪ನೆಯ ಇಸವಿ ನವೆಂಬರ್ ೨೯ರವರೆಗೆ ಬದುಕಿತ್ತು; ಹಂಟ್ಸ್‌ವಿಲ್ ಎಂಬ ಊರಿನ ರಾಕೆಟ್ ಸಂಗ್ರಹಾಲಯದ ಬಾಗಿಲ ಬಳಿ ಇರುವ ಅದರ ಸಮಾಧಿಯ ಕಲ್ಲಿನ ಮೇಲೆ ಬಂದವರು ಬಾಳೆಯ ಹಣ್ಣುಗಳನ್ನಿಟ್ಟು ಹೋಗುತ್ತಾರೆ. ೧೯೮೩ರಲ್ಲಿ ಹ್ಯಾಮ್ ಸತ್ತಾಗ ಅದನ್ನೂ ಏಬಲಿನಂತೆ ಪ್ರದರ್ಶನಕ್ಕಿಡಬೇಕೆಂಬ ಯೋಚನೆ ಬಂದು, ಜನರ ಪ್ರತಿಭಟನೆಯಿಂದ ಕೈಬಿಟ್ಟುಹೋಯಿತು. ಅಸ್ಥಿಪಂಜರವನ್ನು ವೈದ್ಯ ಸಂಗ್ರಹಾಲಯಕ್ಕೆ ಕೊಟ್ಟು, ಉಳಿದುದನ್ನು ನ್ಯೂ ಮೆಕ್ಸಿಕೋ ಪ್ರಾಂತದ ಅಲಮಗೋರ್ಡೊ ಎಂಬ ಊರಿನಲ್ಲಿ ಹೂಳಿ, ಹೆಸರಿನ ಫಲಕವನ್ನಿಟ್ಟಿದ್ದಾರೆ. ಎರಡನೆಯ ಆಲ್ಬರ್ಟ್ ಬಿದ್ದ ವೈಟ್ ಸ್ಯಾಂಡ್ಸ್ ಮರುಭೂಮಿ ಆ ಊರಿನ ಪಕ್ಕದಲ್ಲಿಯೇ ಇದೆ.